ಅಪ್ಪ ಹೊಲಿದ ಹೆಗಲ ಚೀಲ

ಅಕ್ಕ ನನಗೆ ವಹಿಸಿದ್ದು ಒಂದೇ ಕೆಲಸ: ಮಳೆಯಲ್ಲಿ ನೆಂದ ಚರ್ಮದ ಚೀಲವನ್ನು ನೆರಳಿನಲ್ಲಿ ಒಣಗಿಸುವುದು. ಅದನ್ನು ನಾನು ಮಾಡಲಿಲ್ಲ. ಚೀಲ ಹಾಳಾದ ಮೇಲೆ ತಪ್ಪನ್ನು ತೀರಿಹೋದ ಅಪ್ಪನ ತಲೆಗೆ ಕಟ್ಟಿದೆ.

ಅಪ್ಪ ಅರಸೀಕೆರೆಯಲ್ಲಿ ಚರ್ಮದ ಕೆಲಸ ಮಾಡುತ್ತಿದ್ದರು. ಅಕ್ಕನಿಗೆ ಹಳೇಬೀಡಿನಲ್ಲಿ ಟೀಚರ್ ಕೆಲಸ ಸಿಕ್ಕಾಗ ಪುಸ್ತಕ ಹಿಡಿಸುವಂಥ ಹೆಗಲ ಚೀಲವೊಂದನ್ನು ಹೊಲಿದುಕೊಟ್ಟರು. ಅವರ ಕೊನೆಯ ದೊಡ್ಡ ಕೆಲಸ ಅದೇ. ಹೊಲಿಯುವಾಗ ತೊಗಲನ್ನು ಮಡಿಸಿ ನನಗೂ ತೋರಿಸಿದ್ದರು.

"ನೋಡ್ಲಾ, ಮಡಿಸಿದ್ರೆ ಸುಕ್ಕಾಗಬೇಕು, ಬಿಟ್ರೆ ಸುಕ್ಕು ಹೋಗಬೇಕು. ಅದು ಒಳ್ಳೇ ತೊಗಲು. ನೆಂದಾಗ ಮಾತ್ರ ಬಿಸ್ಲು ತೋರಿಸ್ಬ್ಯಾಡ."

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಅಪ್ಪನ ಕೆಲಸವನ್ನೂ ಕಲಿಯದೆ ಕೊಬ್ಬರಿ ಮಂಡಿ ಸೇರಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಪ್ಪ ಹೋದ ಮರುವರ್ಷದ ಮಳೆಗಾಲ. ಊರಿಗೆ ಬಂದ ಅಕ್ಕ ತೊಯ್ದ ಚೀಲವನ್ನು ನನ್ನ ಕೈಗಿತ್ತಳು.

"ಒಳಗೆ ಪೇಪರ್ ತುರುಕಿ ನೆರಳಲ್ಲಿಡು ಕಣೋ. ಒಣಗಿದ ಮೇಲೆ ಒಂಚೂರು ಹರಳೆಣ್ಣೆ ಸವರು. ಬರೋ ಶನಿವಾರ ತಗೊಂಡು ಹೋಗ್ತೀನಿ."

"ಹೋಗಕ್ಕ, ನಿನ್ನ ಚೀಲಕ್ಕೆ ಬಾಣಂತನಾನೇ ಮಾಡ್ತೀನಿ" ಎಂದು ನಕ್ಕೆ.

ಐದು ದಿನ ಅದು ಮೂಲೆಯಲ್ಲೇ ಬಿದ್ದಿತ್ತು. ಶುಕ್ರವಾರ ನೋಡಿದರೆ ಬೂಷ್ಟು. ಗಾಬರಿಯಾಗಿ ಮಂಡಿಗೆ ಒಯ್ದು, ತಾರಸಿಯ ಮೇಲೆ ಕೊಬ್ಬರಿ ಪಕ್ಕದಲ್ಲೇ ಹರವಿದೆ. ಬೂಷ್ಟು ಹಿಡಿದ ಕೊಬ್ಬರಿಗೆ ನಾವು ಮಾಡುತ್ತಿದ್ದುದು ಅದನ್ನೇ. ಅವತ್ತು ಬಿಸಿಲೂ ಚೆನ್ನಾಗಿತ್ತು. ಸಂಜೆಗೆ ಚೀಲ ಹಪ್ಪಳದಂತೆ ಸೆಟೆದುಕೊಂಡು, ಮಡಿಕೆಯಲ್ಲೆಲ್ಲ ಬಿರಿದಿತ್ತು. ಬಿರುಕು ಮುಚ್ಚಲೆಂದು ಕೊಬ್ಬರಿ ಎಣ್ಣೆ ಸುರಿದೆ. ಕಪ್ಪು ಕಲೆ ಬೇರೆ ಎದ್ದಿತು.

"ಏನಾಯ್ತೋ ಇದಕ್ಕೆ?" ಮಾರನೆಯ ದಿನ ಬಂದ ಅಕ್ಕ ಕೇಳಿದಳು.

"ತೊಗಲೇ ಸರಿ ಇರಲಿಲ್ಲ ಅನ್ಸುತ್ತೆ. ಕೊನೇಲಿ ಅಪ್ಪಂಗೆ ಕಣ್ಣು ಮಂಜಾಗಿತ್ತಲ್ಲ."

"ಅಯ್ಯೋ, ಕಣ್ಣು ಕಾಣದಿದ್ರೂ ನನಗೋಸ್ಕರ ಕೂತು ಹೊಲಿದ್ರಲ್ಲ" ಎಂದಳು.

ಅಕ್ಕ ಚೀಲವನ್ನು ಬಿಸಾಡಲಿಲ್ಲ, ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಬೇಲೂರಿನ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಮುದುಕರೊಬ್ಬರ ಮುಂದೆ ಅದನ್ನು ಬಿಚ್ಚಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಮುಚ್ಚಳ ಎತ್ತಿ, ಒಳಮೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಒಳ್ಳೇ ತೊಗಲು ಕಣಮ್ಮ. ಹೊಲಿಗೆ ನೋಡಿ, ಒಂದೂ ಬಿಟ್ಟಿಲ್ಲ. ಯಾರೋ ಪುಣ್ಯಾತ್ಮ ನೆಂದಿದ್ದನ್ನ ತಗೊಂಡೋಗಿ ಬಿಸ್ಲಿಗೆ ಹಾಕವ್ನೆ."

ಅಕ್ಕ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಇಷ್ಟು ವರ್ಷ ನಮ್ಮಪ್ಪಂದೇ ತಪ್ಪು ಅಂದ್ಕೊಂಡಿದ್ದೆ" ಎಂದು ಮುದುಕರಿಗೆ ಹೇಳಿದಳು. ನನ್ನನ್ನು ಏನೂ ಕೇಳಲಿಲ್ಲ. ಸುಮ್ಮನಿದ್ದಿದ್ದರೆ ಅವತ್ತೂ ತಪ್ಪಿಸಿಕೊಳ್ಳಬಹುದಿತ್ತು.

"ಅಕ್ಕ, ಬಿಸಿಲಿಗೆ ಹಾಕಿದ್ದು ನಾನು. ಅಪ್ಪನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಅವರ ಮೇಲೆ ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತು ಕಣಕ್ಕ."