ಊಟಕ್ಕೆ ಗತಿಯಿಲ್ಲದ ಮನೆಯ ಮಲ್ಲಿಗಮ್ಮ

ಭಾರತೀನಗರದ ಬಸ್ಸು ನಾಲೆಯ ತಿರುವಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಕಾಳಮ್ಮನಕೊಪ್ಪಲಿಗೆ ಇರುವುದು ಒಂದೇ ದಾರಿ, ಆ ದಾರಿಯ ಬಾಯಲ್ಲಿ ಒಂದು ಜಗಲಿ, ಜಗಲಿಯ ಮೇಲೆ ಮಲ್ಲಿಗಮ್ಮ. ಓಟು ಕೇಳಲು ಬಂದವರಾಗಲಿ, ಹೆಣ್ಣು ನೋಡಲು ಬಂದವರಾಗಲಿ, ಕರೆಂಟು ಮೀಟರ್ ಓದಲು ಬಂದವನಾಗಲಿ, ಆಕೆಯ ಕಣ್ಣು ತಪ್ಪಿಸಿ ಊರು ಹೊಕ್ಕಿದ್ದಿಲ್ಲ. ಹೊಕ್ಕವರಿಗೆಲ್ಲ ಆಕೆಯದು ಒಂದೇ ಪ್ರಶ್ನೆ: "ಉಂಡ್ರಾ?"

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಉತ್ತರವೂ ಒಂದೇ. ಹೊಟ್ಟೆ ಎಷ್ಟೇ ಕೂಗುತ್ತಿರಲಿ, "ಆಯ್ತು ಕಣಕ್ಕ, ಈಗ್ತಾನೆ" ಎಂದು ಹೇಳಿ ಮುಂದೆ ಹೋಗಬೇಕು. ಮಲ್ಲಿಗಮ್ಮ ಜಗಳವಾಡುತ್ತಿರುವವರನ್ನೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಚಿಕ್ಕನಂಜಮ್ಮನನ್ನು ಬದುವಿನ ವಿಷಯಕ್ಕೆ ಸೆರಗು ಸಿಕ್ಕಿಸಿಕೊಂಡು ಬಯ್ಯುತ್ತಾ, ಉಸಿರು ತೆಗೆದುಕೊಳ್ಳಲು ನಿಂತ ಸಂದಿನಲ್ಲಿ "ಉಂಡ್ಯಾ?" ಎಂದು ಕೇಳಿ, "ಆಯ್ತು" ಎನ್ನಿಸಿಕೊಂಡು, ಬೈಗುಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದ್ದನ್ನು ಊರೇ ನೋಡಿದೆ.

ಕೋಪದಲ್ಲಿ ಮಲ್ಲಿಗಮ್ಮ ಚಕ್ರವರ್ತಿನಿ. ಕೋಳಿಯ ಮೇಲಿನ ಕೋಪ ಅಂಗಳ ದಾಟುತ್ತಿರಲಿಲ್ಲ. ಗಂಡ ಶಿವಣ್ಣನ ಮೇಲಿನದು ನಾಲೆಯವರೆಗೆ ಕೇಳಿಸುತ್ತಿತ್ತು. ಗದ್ದೆಗೆ ನಾಲೆಯ ನೀರು ಬಿಡದ ಸೌಡಿಯ ಮೇಲಿನದು ಭಾರತೀನಗರದ ಸಂತೆಯಲ್ಲೂ ಸುದ್ದಿಯಾಗುತ್ತಿತ್ತು. ಅದಕ್ಕೂ ಮೇಲಿನ ದರ್ಜೆಯೊಂದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟಿದ್ದು ಗಾಲ್ಫ್.

ಗಾಲ್ಫ್ ಬಂದದ್ದು ಬೆಂಗಳೂರಿನ ಒಂದು ಟ್ರಸ್ಟಿನಿಂದ. ಶ್ರೀಮಂತರ ಬೇಲಿಯೊಳಗೆ ಸೆರೆಯಾಗಿರುವ ಈ ಆಟವನ್ನು ಬಿಡಿಸಿ ತಂದು ಹಳ್ಳಿಯ ಮಕ್ಕಳ ಕೈಗೆ ಒಪ್ಪಿಸುವುದಾಗಿ ಆ ಟ್ರಸ್ಟ್ ಪಣ ತೊಟ್ಟಿತ್ತು. ದಾನಿಗಳು ಹಣ ಕೊಡುತ್ತಾರೆ. ಆ ಹಣದಲ್ಲಿ ಆಗತಾನೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರನ್ನು ಫೆಲೋಗಳೆಂದು ನೇಮಿಸಿ ಊರೂರಿಗೆ ಕಳಿಸುತ್ತಾರೆ. ನಮ್ಮೂರಿನ ಪಾಲಿಗೆ ಇಬ್ಬರು ಬಂದರು. ಒಬ್ಬ ರಘುನಂದನ್, ಬೆಂಗಳೂರಿನವನು, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬೆವರುವವನು. ಇನ್ನೊಬ್ಬಳು ಅಮೃತ, ಮಳವಳ್ಳಿಯವಳೇ. ಕೆಲಸ ಸಿಗುವವರೆಗೆ ಇದಾದರೂ ಇರಲಿ ಎಂದು ಸೇರಿಕೊಂಡವಳು. ಇಬ್ಬರೂ ಗೋಮಾಳದಲ್ಲಿ ಗುಳಿ ತೋಡಿದರು, ಬಾವುಟ ನೆಟ್ಟರು. ಮೇಕೆಗಳು ಬಾವುಟ ತಿಂದವು. ಚೆಂಡುಗಳು ಕಬ್ಬಿನ ಗದ್ದೆಗೆ ನುಗ್ಗಿ ಮಾಯವಾದವು. ಕಟಾವಿನ ದಿನ ಅವು ಕಬ್ಬಿನ ಜೊತೆ ಲಾರಿ ಹತ್ತಿ ಸಕ್ಕರೆ ಫ್ಯಾಕ್ಟರಿ ಕಡೆಗೆ ಹೊರಟವು. ಇಷ್ಟೆಲ್ಲ ಆದರೂ ಮಕ್ಕಳು ಆಟ ಕಲಿತರು. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಮಲ್ಲಿಗಮ್ಮನ ಮಗಳು, ಏಳನೇ ಕ್ಲಾಸಿನ ದೀಪಿಕ. ಅವಳು ಎತ್ತ ನೋಡಿದರೆ ಚೆಂಡು ಅತ್ತ ಹೋಗುತ್ತಿತ್ತು. ಮೈಸೂರಿನಲ್ಲಿ ನಡೆಯುವ ಮಕ್ಕಳ ಪಂದ್ಯಕ್ಕೆ ಅವಳ ಹೆಸರು ಕೊಟ್ಟರು. ಅಂದಿನಿಂದ ಆ ಹುಡುಗಿ ತನ್ನ ಗಾಲ್ಫ್ ಕೋಲನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದಳು.

ರಘುನಂದನ್ ಬಂದ ಮೊದಲ ದಿನವೇ ತಪ್ಪು ಮಾಡಿದ್ದ. ಬಸ್ಸಿಳಿದವನನ್ನು ಜಗಲಿ ಎಂದಿನಂತೆ ಕೇಳಿತು: "ಉಂಡ್ಯಾ ಮಗ?"

"ಇಲ್ಲ ಆಂಟಿ," ಎಂದ ಆ ಸತ್ಯವಂತ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಮಲ್ಲಿಗಮ್ಮ ಬೆಚ್ಚಿ ಎದ್ದು ನಿಂತಳು. ಆ ಪ್ರಶ್ನೆಗೆ ಇಲ್ಲವೆಂಬ ಉತ್ತರವನ್ನು ಆಕೆ ಜನ್ಮದಲ್ಲಿ ಕೇಳಿರಲಿಲ್ಲ. ಒಳಗೆ ಕೂರಿಸಿ ಮುದ್ದೆ, ಬಸ್ಸಾರು ಇಟ್ಟಳು. ಅವನು ಮುದ್ದೆಯನ್ನು ಅಗಿದ, ನುಂಗಲು ಕಲಿಸಿದಳು. ಆಮೇಲೆ ಇದೇ ರೂಢಿಯಾಯಿತು. ದಿನವೂ ಆಕೆ ಕೇಳುವುದು, ದಿನವೂ ಅವನು ಇಲ್ಲ ಎನ್ನುವುದು. ವರ್ಷವೆಲ್ಲ ಅವನು ಆ ಮನೆಯಲ್ಲೇ ಉಂಡ. ಅಮೃತಳೂ ಆಗಾಗ ಉಂಡಳು, ಆದರೆ ಊರಿನ ಮರ್ಯಾದೆ ಬಲ್ಲವಳಾದ್ದರಿಂದ ಪ್ರತಿ ಸಲವೂ ಮೊದಲು "ಆಯ್ತಕ್ಕ" ಎಂದು ಹೇಳಿಯೇ ಉಂಡಳು.

ವರ್ಷದ ಕೊನೆಗೆ ದಾನಿಗಳು ಊರು ನೋಡಲು ಬರುವ ದಿನ ಗೊತ್ತಾಯಿತು. ಮುಂದಿನ ವರ್ಷಕ್ಕೆ ಹಣ ಕೊಡಬೇಕೋ ಬೇಡವೋ ಎಂಬ ತೀರ್ಮಾನವೂ ಅಂದೇ. ಹಿಂದಿನ ದಿನ ಟ್ರಸ್ಟಿನ ವ್ಯಾನು ಬಂದು ಬಸ್ ಸ್ಟಾಪಿನಲ್ಲಿ ಒಂದು ಭಾರೀ ಫ್ಲೆಕ್ಸ್ ಕಟ್ಟಿ ಹೋಯಿತು. ಮಲ್ಲಿಗಮ್ಮ ಗದ್ದೆಯಲ್ಲಿದ್ದಳು. ಸುದ್ದಿ ತಂದವಳು ಚಿಕ್ಕನಂಜಮ್ಮ. ಬರಿಗೈಯಲ್ಲಿ ಬರಲಿಲ್ಲ, ಮೊರದ ತುಂಬ ಅಕ್ಕಿ ತಂದಿದ್ದಳು.

"ತಕಳವ್ವ ಮಲ್ಲಿಗಿ," ಎಂದಳು, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವಳಂತೆ. "ನಿಮ್ಮನೇಲಿ ಇಲ್ಲ ಅಂತ ಗೊತ್ತಿದ್ರೆ ಅವತ್ತೇ ತಂದ್ಕೊಡ್ತಿದ್ದೆ. ಪಕ್ಕದಲ್ಲೇ ಇದ್ದೂ ತಿಳೀನಿಲ್ಲ ನೋಡು."

"ಏನ್ ಇಲ್ಲ? ಯಾರ್ ಮನೇಲಿ ಇಲ್ಲ?"

"ನಾನೇನ್ ಏಳ್ನಿಲ್ಲ ಕಣಮ್ಮ. ಬೋರ್ಡೇ ಏಳ್ತಾ ಅದೆ. ಓಗ್ ನೋಡು."

ಮಲ್ಲಿಗಮ್ಮ ಕೆಸರುಗಾಲಲ್ಲೇ ಹೋಗಿ ನೋಡಿದಳು. ಫ್ಲೆಕ್ಸಿನಲ್ಲಿ ಆಕೆಯೇ ಇದ್ದಳು. ಹಳೇ ಸೀರೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಕಣ್ಣು ತುಂಬ ಹೊಗೆ ತುಂಬಿಕೊಂಡು, ಒಲೆ ಊದುತ್ತಿದ್ದಳು. ಪಕ್ಕದಲ್ಲಿ ಕಂಬಳಿ ಹೊದ್ದು ಮುದುರಿದ ದೀಪಿಕ. ಕೆಳಗೆ ದಪ್ಪಕ್ಷರ: "ಎರಡು ಹೊತ್ತಿನ ಊಟಕ್ಕೂ ಗತಿಯಿಲ್ಲದ, ತಂದೆಯ ಆಸರೆಯೂ ಇಲ್ಲದ ಗುಡಿಸಲಿನಿಂದ ಗಾಲ್ಫ್ ಅಂಗಳಕ್ಕೆ."

ಆ ಒಲೆ ಅಡುಗೆಯ ಒಲೆಯೇ ಅಲ್ಲ. ಅದು ಬಚ್ಚಲಿನ ಒಲೆ, ಸ್ನಾನದ ನೀರು ಕಾಯಿಸುವುದು. ಅಡುಗೆಗೆ ಒಳಗೆ ಗ್ಯಾಸ್ ಇದೆ. ಚಳಿಗಾಲದ ಒಂದು ಬೆಳಿಗ್ಗೆ ರಘುನಂದನ್ "ಲೈಟ್ ಚೆನ್ನಾಗಿದೆ ಆಂಟಿ, ಹಾಗೇ ಇರಿ" ಎಂದು ತೆಗೆದ ಫೋಟೋ ಅದು. ಅದೇ ಫೋಟೋದಲ್ಲಿ ಬಲಗಡೆ ಟವೆಲ್ ಉಟ್ಟು, ನೀರು ಕಾಯಲೆಂದು ಕಾಯುತ್ತಾ ಶಿವಣ್ಣ ನಿಂತಿದ್ದ. ಅವನ ಹೊಟ್ಟೆ ಬೋರ್ಡಿನ ಮಾತನ್ನು ಸುಳ್ಳು ಮಾಡುವಷ್ಟು ದೊಡ್ಡದಾದ್ದರಿಂದ ಹೊಟ್ಟೆಯ ಜೊತೆ ಶಿವಣ್ಣನನ್ನೇ ಕತ್ತರಿಸಿ ಹಾಕಿದ್ದರು. ಅವನು ಬಂದು ಬಹಳ ಹೊತ್ತು ನೋಡಿದ.

"ನಾನೆಲ್ಲಿ ಓದೆ?" ಎಂದ, ನಿಜವಾದ ಕಳವಳದಿಂದ.

ಮಲ್ಲಿಗಮ್ಮನ ಹೊಸ ದರ್ಜೆಯ ಕೋಪಕ್ಕೆ ಸದ್ದೇ ಇರಲಿಲ್ಲ. ಆಕೆ ಗೋಮಾಳಕ್ಕೆ ನಡೆದದ್ದನ್ನು ನೋಡಿ ಬಸ್ ಸ್ಟಾಪಿನಲ್ಲಿದ್ದವರು ಬಸ್ಸು ಬಂದರೂ ಹತ್ತದೆ ಹಿಂದೆ ಹೊರಟರು.

ರಘುನಂದನ್ ಬಾವುಟ ನೆಡುತ್ತಿದ್ದ. ಆಕೆ ಅವನ ಮುಂದೆ ನಿಂತು ಕೇಳಿದಳು: "ಇವತ್ತು ಮಧ್ಯಾನ ಎಲ್ಲುಂಡೆ?"

"ನಿಮ್ಮನೇಲಿ ಆಂಟಿ."

"ಏನುಂಡೆ?"

"ಮುದ್ದೆ. ಉಪ್ಸಾರು. ಆಮೇಲೆ ಅನ್ನ, ಮೊಸರು."

"ಉಣ್ಣಾಕ್ ಗತಿಯಿಲ್ದೋರ್ ಮನೇಲಿ ಮೊಸ್ರು ಎಲ್ಲಿಂದ ಬಂತ್ಲಾ?"

ಅವನು ಬಾವುಟ ಕೆಳಗಿಟ್ಟ. "ಆಂಟಿ, ಅದು ನಿಮ್ಮ ಬಗ್ಗೆ ಅಲ್ಲ. ಒಂಥರಾ ಕಥೆ. ದಾನಿಗಳಿಗೆ ಕಥೆ ಬೇಕು. ಚೆನ್ನಾಗಿ ಊಟ ಮಾಡೋ ಮನೆ ಹುಡುಗಿಗೆ ಗಾಲ್ಫ್ ಕಲಿಸ್ತೀವಿ ಅಂದ್ರೆ ಯಾರು ದುಡ್ಡು ಕೊಡ್ತಾರೆ?"

"ಅಂದ್ರೆ ನನ್ ಮಗಳು ಆಟ ಆಡ್ಬೇಕಂದ್ರೆ ಉಪಾಸ ಇರ್ಬೇಕು. ನಾನ್ ಮುಂಡೆ ಆಗ್ಬೇಕು. ಅಂಗಾ?" ಆಕೆ ಅಮೃತಳ ಕಡೆ ತಿರುಗಿದಳು. "ಇವ್ನೇನೋ ಪ್ಯಾಟೆಯೋನು. ನೀನು ಮಳವಳ್ಳಿಯೋಳಲ್ವೇನಮ್ಮಿ? ಇದನ್ನ ಕನ್ನಡದಲ್ಲಿ ಬರೆಯೋವಾಗ ಕೈ ನಡುಗ್ನಿಲ್ವಾ?"

"ಬ್ಯಾಡ ಅಂದೆ ಅಕ್ಕ," ಎಂದಳು ಅಮೃತ, ನೆಲ ನೋಡುತ್ತಾ. "ನಮ್ ಟ್ರಸ್ಟಿನ ಮೇಡಂ ಕೇಳ್ನಿಲ್ಲ. ಕೊನೆಗೆ ನಾನೇ ಬರ್ದೆ."

ಮಲ್ಲಿಗಮ್ಮ ಫ್ಲೆಕ್ಸ್ ಹರಿಯಲು ಹೊರಟಾಗ ಸೆರಗು ಹಿಡಿದು ನಿಲ್ಲಿಸಿದವಳು ದೀಪಿಕ. "ಅವ್ವ, ನಾಳೆ ಒಂದಿನ ಸುಮ್ಕಿರು. ಜಗಳ ಆದ್ರೆ ನನ್ನ ಮೈಸೂರಿಗೆ ಕಳಿಸಾಕಿಲ್ಲ. ಕೋಲೂ ಕಿತ್ಕೊತಾರೆ." ಹುಡುಗಿ ಅಳುತ್ತಿದ್ದಳು. ಸಲೀಸಾಗಿ ಅಳುವ ಹುಡುಗಿಯಲ್ಲ ಅದು.

ಮಲ್ಲಿಗಮ್ಮ ಮಗಳ ಮುಖ ನೋಡಿದಳು, ಫ್ಲೆಕ್ಸ್ ನೋಡಿದಳು. "ಆಯ್ತು. ಬೋರ್ಡ್ ಕೀಳಾಕಿಲ್ಲ. ನಾಳೆ ಬಾಯೂ ಬುಡಾಕಿಲ್ಲ. ಆಣೆ," ಎಂದಳು. ಆಮೇಲೆ ಗಂಡನಿಗೆ, "ಒಳ್ಳೇ ಪಂಚೆ ಉಟ್ಕೊ. ಮಂಡ್ಯಕ್ಕೆ ಓಗ್ಬೇಕು," ಎಂದಳು.

ಮಂಡ್ಯದಲ್ಲಿ ಜಯಪ್ರಕಾಶನ ಫ್ಲೆಕ್ಸ್ ಅಂಗಡಿ ಇದೆ. ಮೂರು ತಾಲ್ಲೂಕಿನ ಮರಿ ನಾಯಕರೆಲ್ಲ ಹುಟ್ಟುಹಬ್ಬಕ್ಕೆ ಅವನ ಕೈಯಲ್ಲೇ ಬೆಳ್ಳಗಾಗುವುದು. ನಡುವೆ ನಾಯಕನ ದೊಡ್ಡ ಫೋಟೋ, ಸುತ್ತ ಬಟ್ಟಲಿನಂಥ ಸಣ್ಣ ಸಣ್ಣ ವೃತ್ತಗಳಲ್ಲಿ ಶುಭ ಕೋರುವವರ ಮುಖ: ಇದು ಅವನ ಶೈಲಿ. ಮಲ್ಲಿಗಮ್ಮ ಮಗಳ ಫೋನು ಕೊಟ್ಟಳು. ಅದರಲ್ಲಿ ವರ್ಷವೆಲ್ಲ ದೀಪಿಕ ತೆಗೆದ ಊಟದ ಫೋಟೋಗಳಿದ್ದವು.

"ಮಧ್ಯದಾಗೆ ನಮ್ಮೆಜಮಾನ್ರು. ಪೂರ್ತಿ ಇರ್ಬೇಕು. ಒಟ್ಟೆ ಒಂಚೂರೂ ಕಟ್ ಮಾಡ್ಬ್ಯಾಡ. ಸುತ್ತ ಈ ಹುಡುಗ್ರು."

ರಘುನಂದನ್ ಮುದ್ದೆಗೆ ಬಾಯಿ ತೆರೆದ ಫೋಟೋ ಎಲ್ಲಕ್ಕಿಂತ ದೊಡ್ಡ ವೃತ್ತ ಸೇರಿತು. ಜಯಪ್ರಕಾಶ ಕಲಾವಿದನ ಕಣ್ಣಿನಿಂದ ನೋಡಿ, "ಅಕ್ಕ, ಇಂದ್ಗಡೆ ಒಂದು ಸಿಂಹ ಆಕ್ಲಾ? ಎಲ್ರೂ ಆಕುಸ್ತಾರೆ," ಎಂದ.

"ಸಿಂಹ ಯಾಕ್ಲಾ?" ಎಂದಳು ಮಲ್ಲಿಗಮ್ಮ. "ನಾನಿಲ್ವಾ?"

ಮರುದಿನ ಮದ್ದೂರಿನ ಕಡೆಯಿಂದ ಕಾರುಗಳು ಬಂದವು. ಬಸ್ ಸ್ಟಾಪಿನಲ್ಲಿ ಎರಡು ಫ್ಲೆಕ್ಸ್‌ಗಳು ರಸ್ತೆಯ ಆಚೆ ಈಚೆ ಎರಡು ಸೇನೆಗಳಂತೆ ಮುಖಾಮುಖಿ ನಿಂತಿದ್ದವು. ಹೊಸದರ ಮೇಲೆ ಬರೆದಿತ್ತು: "ಗಾಲ್ಫ್ ಟ್ರಸ್ಟಿನ ಹಸಿದ ಹುಡುಗರಿಗೆ ವರ್ಷವಿಡೀ ಊಟ ಹಾಕಿದ ಮನೆಯಿಂದ ದಾನಿಗಳಿಗೆ ಸುಸ್ವಾಗತ." ಕೆಳಗೆ ಶಿವಣ್ಣ, ಸಂಪೂರ್ಣ.

ಕನ್ನಡ ಓದಲು ಬಾರದ ಟ್ರಸ್ಟಿನ ಮೇಡಂ ಕಾರಿನಿಂದ ಇಳಿದು, ಆ ಫ್ಲೆಕ್ಸಿನಲ್ಲಿ ಏನಿದೆ ಎಂದು ಅಮೃತಳನ್ನು ಕೇಳಿದರು. ಅಮೃತ ಒಂದು ಕ್ಷಣ ಮಲ್ಲಿಗಮ್ಮನನ್ನು ನೋಡಿದಳು. ಆಮೇಲೆ ದಾನಿಗಳಿಗೆಲ್ಲ ಕೇಳುವಂತೆ ಎರಡು ಫ್ಲೆಕ್ಸ್‌ಗಳನ್ನೂ ಓದಿ, ಇಂಗ್ಲಿಷಿನಲ್ಲೂ ಹೇಳಿದಳು. ಒಂದಕ್ಷರ ಬಿಡಲಿಲ್ಲ. ಮಲ್ಲಿಗಮ್ಮ ಕೊಟ್ಟ ಮಾತಿನಂತೆ ಬಾಯಿ ಬಿಗಿದು ನಿಂತಿದ್ದಳು. ಅದಕ್ಕಾಗಿ ಆಕೆ ಪಟ್ಟ ಪಾಡನ್ನು ನೋಡಲೆಂದೇ ಚಿಕ್ಕನಂಜಮ್ಮ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದಳು.

ಬಿಳಿಗೂದಲಿನ ದಾನಿಯೊಬ್ಬರು ಶಿವಣ್ಣನನ್ನು ನೋಡಿ, ಫ್ಲೆಕ್ಸ್ ನೋಡಿ, "ತಾವು ಯಾರು?" ಎಂದರು.

ಶಿವಣ್ಣ ಕೈ ಮುಗಿದ. "ನಾನೇ ಸಾ, ಆ ಬೋರ್ಡಲ್ಲಿ ಇಲ್ದೇ ಇರೋ ಅಪ್ಪ."

ಊರು ಘೊಳ್ಳೆಂದಿತು. ಮೇಡಂ ನಗಲಿಲ್ಲ. "ಇದೊಂದು ಸಾಂಕೇತಿಕ ಚಿತ್ರ. ಎಷ್ಟೊಂದು ಹಸಿದ ಮಕ್ಕಳ ಪರವಾಗಿ," ಎಂದು ದಾನಿಗಳಿಗೆ ಹೇಳಿ, ಮೈಕನ್ನು ದೀಪಿಕಳ ಕೈಗೆ ಕೊಟ್ಟರು. "ಹೇಳು ಪುಟ್ಟ. ಗಾಲ್ಫ್ ಬರೋ ಮುಂಚೆ ನಿಮ್ಮನೇಲಿ ಏನೇನು ಇರಲಿಲ್ಲ?"

ದೀಪಿಕ ಅವ್ವನನ್ನು ನೋಡಿದಳು. ನಿನ್ನೆ ಸುಮ್ಮನಿರು ಎಂದು ಅತ್ತವಳು ಅವಳೇ. ಆಣೆ ಇಟ್ಟಿದ್ದು ಅವ್ವ ಮಾತ್ರ, ಅವಳಲ್ಲ.

"ಗಾಲ್ಫ್ ಇರ್ಲಿಲ್ಲ," ಎಂದಳು ಮೈಕಿನಲ್ಲಿ. "ಮಿಕ್ಕಿದ್ದೆಲ್ಲ ಇತ್ತು. ಊಟ ಇತ್ತು, ಅಪ್ಪ ಇದ್ರು. ಆಟ ಇಷ್ಟ ಆಯ್ತು, ಕಲ್ತೆ. ಅಷ್ಟೇ."

ಮೇಡಂ ಮೈಕ್ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ತೀರ್ಮಾನ ಬಂತು. ಮುಂದಿನ ವರ್ಷ ಕೇಂದ್ರವನ್ನು ಇನ್ನೂ ಅಗತ್ಯವಿರುವ ಊರಿಗೆ ಸಾಗಿಸುವರಂತೆ. ಮೈಸೂರಿಗೆ ಟ್ರಸ್ಟಿನಿಂದ ಇನ್ನೂ ಅರ್ಹವಾದ ಮಗುವೊಂದು ಹೋಗುವುದಂತೆ. ವ್ಯಾನು ಬಂದು ಕೋಲು, ಚೆಂಡು, ಮೇಕೆ ತಿಂದು ಉಳಿದ ಬಾವುಟ ಎಲ್ಲವನ್ನೂ ಬಾಚಿಕೊಂಡು ಹೋಯಿತು. ಸಿಗದೇ ಉಳಿದದ್ದು ಒಂದೇ ಕೋಲು. ದೀಪಿಕ ಅದನ್ನು ಹಿಡಿದು ಅಟ್ಟ ಹತ್ತಿದ್ದಳು.

ಆಣೆಯ ದಿನ ಮುಗಿದಿತ್ತು. ಆ ಸಂಜೆ ಮಲ್ಲಿಗಮ್ಮನ ಬಾಯಿ ತೆರೆದ ವೈಭವವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ವ್ಯಾನಿನ ಡ್ರೈವರ್ ಕಿಟಕಿ ಗಾಜು ಏರಿಸಿಕೊಂಡ ಎಂದರೆ ಸಾಕು.

ಅಮೃತ ಮಾತ್ರ ವ್ಯಾನು ಹತ್ತದೆ ಜಗಲಿಗೆ ಬಂದಳು. ಮೈಸೂರಿನ ಪಂದ್ಯಕ್ಕೆ ಟ್ರಸ್ಟೇ ಕಳಿಸಬೇಕೆಂದೇನಿಲ್ಲ, ಅಪ್ಪ ಸಹಿ ಹಾಕಿ ಕಳಿಸಿದರೂ ಸೇರಿಸಿಕೊಳ್ಳುತ್ತಾರೆ ಎಂದಳು. ಇಲ್ಲದ ಅಪ್ಪ ಕನ್ನಡಕ ಹುಡುಕಿ, ಇಷ್ಟಗಲ ಸಹಿ ಹಾಕಿದ. ಮಲ್ಲಿಗಮ್ಮ ಅಮೃತಳನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. "ಉಂಡ್ಯೇನಮ್ಮಿ?" ಎಂದು ಮಾತ್ರ ಕೇಳಿದಳು. ಅಮೃತ "ಆಯ್ತಕ್ಕ" ಎಂದು ಒಳಗೆ ಹೋಗಿ ತಟ್ಟೆ ತೆಗೆದುಕೊಂಡಳು.

ಪಂದ್ಯಕ್ಕೆ ಇನ್ನೇನು ಒಂದೆರಡು ದಿನವಿದೆ ಎನ್ನುವಾಗ ರಘುನಂದನ್ ಬಸ್ಸಿನಿಂದ ಇಳಿದ. ಮಲ್ಲಿಗಮ್ಮ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದಳು. ಭತ್ತದ ಕೆಳಗೆ ಹಾಸಿದ್ದು ವ್ಯಾನು ಬಸ್ ಸ್ಟಾಪಿನಲ್ಲೇ ಬಿಟ್ಟುಹೋಗಿದ್ದ ಟ್ರಸ್ಟಿನ ಫ್ಲೆಕ್ಸ್. ಗತಿಯಿಲ್ಲದ ಊಟವೂ, ಬಚ್ಚಲಿನ ಒಲೆಯೂ ಭತ್ತದ ಅಡಿಯಲ್ಲಿ ಮುಚ್ಚಿಹೋಗಿದ್ದವು. ಅವನು ಜಗಲಿಯ ಮುಂದೆ ನಿಂತ. ಪ್ರಶ್ನೆಗೆ ಕಾದ. ಆಕೆ ಕಾಲಲ್ಲಿ ಭತ್ತ ಕೆದಕುತ್ತಾ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಕೇಳಲಿಲ್ಲ. ಚಿಕ್ಕನಂಜಮ್ಮ ತನ್ನ ಬಾಗಿಲಲ್ಲಿ ಕೈಯಲ್ಲಿದ್ದ ಸೊಪ್ಪು ಬಿಟ್ಟು ಎದ್ದು ನಿಂತಳು. ಬದುವಿನ ಜಗಳದಲ್ಲೂ ಹೀಗಾಗಿರಲಿಲ್ಲ.

"ಆಂಟಿ... ಒಂದು ಕೋಲು ಇಲ್ಲೇ ಉಳಿದಿದೆಯಂತೆ. ವಾಪಸ್ ತರೋಕೆ ಹೇಳಿದಾರೆ."

"ನಿನ್ ಒಟ್ಟೆಗೆ ಓದ ನಮ್ಮನೆ ಮುದ್ದೆ ವಾಪಸ್ ಕೊಟ್ಟೀಯಾ?"

ಅವನು ಭತ್ತದ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಕೋಲೂ ಅಂಗೆಯ. ಓಗ್ ಏಳು ನಿಮ್ ಮೇಡಮ್ಮಂಗೆ. ಭಾನುವಾರ ಅದು ಮೈಸೂರಿಗೆ ಓಯ್ತದೆ, ನಮ್ ಜೊತೆಗೆ, ಬಸ್ಸಲ್ಲಿ."

ಅವನು ತಿರುಗಿ ಹೋಗಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಮುದ್ದೆ ನುಂಗಲು ಕಲಿತ ಗಂಟಲು ಒಮ್ಮೆ ಏರಿಳಿಯಿತು. ಕೊನೆಗೆ, ವರ್ಷವೆಲ್ಲ ನಮ್ಮ ನಡುವೆ ಇದ್ದೂ ಕಲಿಯದ ಮಾತು ಅವನ ಬಾಯಿಂದ ಬಂತು.

"ನಂದು ಊಟ ಆಯ್ತು ಆಂಟಿ."

ಮಲ್ಲಿಗಮ್ಮ ಭತ್ತ ಕೆದಕುವುದನ್ನು ನಿಲ್ಲಿಸಲಿಲ್ಲ.

"ನಾನ್ ಕೇಳ್ನಾ?" ಎಂದಳು.