ಚನ್ನವೀರಪ್ಪ ಕಾದಿಟ್ಟ ಸೋಮವಾರ

ನಮ್ಮ ಚಳವಳಿಯ ಕರಪತ್ರಗಳೆಲ್ಲ ಮೈಲಾಪೂರಿನ ಚನ್ನವೀರಪ್ಪನ ಅಚ್ಚುಕೂಟದಲ್ಲೇ ಅಚ್ಚಾಗುತ್ತಿದ್ದವು. ಪೊಲೀಸರು ಬಂದರೆ ಮದುವೆ ಕಾರ್ಡು ತೋರಿಸಿ ಕಳಿಸುವ ಗಟ್ಟಿಗ. 2004ರಲ್ಲಿ ಅಚ್ಚುಯಂತ್ರಗಳ ಮೇಳಕ್ಕೆಂದು ಜರ್ಮನಿಗೆ ಹೋದವನಿಗೆ ನಿಜವಾದ ಆಸೆ ಬೇರೆಯೇ ಇತ್ತು. ಮೈನ್ಜ್ ಎಂಬ ಹಳೇ ಊರಿನ ಮ್ಯೂಸಿಯಂನಲ್ಲಿ, ಐನೂರು ವರ್ಷದ ಹಿಂದೆ ಅಚ್ಚಿನ ಪಿತಾಮಹ ಗುಟೆನ್‌ಬರ್ಗ್ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ ಬೈಬಲ್ಲನ್ನು ಕಣ್ಣಾರೆ ನೋಡಬೇಕು.

ಭಾನುವಾರ ಪೂರ್ತಿ ಬಿಡುವಿತ್ತು. ಒಳ್ಳೆ ಕೆಲಸಕ್ಕೆ ಶಿವನ ವಾರವೇ ಆಗಬೇಕೆಂದು ಸೋಮವಾರ ಮಧ್ಯಾಹ್ನ ಒಬ್ಬನೇ ಹೋಗಿ ರೈಲಿಳಿದ. ನಕ್ಷೆ ಹಿಡಿದು, ದಾರಿ ತಪ್ಪಿ, ಕೆಂಪುಕಲ್ಲಿನ ದೊಡ್ಡ ಚರ್ಚನ್ನು ಸುತ್ತಿ ಸುತ್ತಿ ಕೊನೆಗೂ ಬಂದರೆ ಮ್ಯೂಸಿಯಂ ಬಾಗಿಲಿಗೆ ಬೀಗ. ಸೋಮವಾರ ಅಲ್ಲಿ ರಜೆ. ಊರಿಗೆ ವಿಮಾನ ಅಂದು ರಾತ್ರಿಯೇ.

ಬೂತಿನಿಂದ ಹೆಂಡತಿ ಬಸವಣ್ಣೆಮ್ಮನಿಗೆ ಫೋನು ಮಾಡಿದ.

"ದರ್ಶನ ಆಯ್ತೇನ್ರೀ?"

"ಎಲ್ಲಿ ದರ್ಶನ! ಸೋಮವಾರ ಬಾಗ್ಲು ತೆಗೆಯಲ್ವಂತೆ ಕಣೆ."

"ನಿನ್ನೆ ಸುಮ್ನೆ ರೂಮಲ್ಲಿ ಬಿದ್ಕೊಂಡಿದ್ರಲ್ಲ, ಹೋಗೋಕೇನಾಗಿತ್ತು?"

"ಶಿವನ ವಾರ ಅಂತ ಕಾದೆ."

"ಆ ಊರ್ನೋರಿಗೆ ನಿಮ್ಮ ಶಿವನ ಪರಿಚಯ ಇದ್ಯಾ? ಹೋಗ್ಲಿ, ಊರಾದ್ರೂ ಸುತ್ತಿ ನೋಡ್ಕೊಂಡು ಬನ್ನಿ."

"ಊರು ತಗೊಂಡು ಏನ್ಮಾಡ್ಲಿ!" ಎಂದು ಫೋನು ಕುಕ್ಕಿದ.

ರೈಲಿನ ಹೊತ್ತಾಗುವವರೆಗೂ ಅದೇ ಬಾಗಿಲ ಮುಂದೆ ಧರಣಿ ಕುಳಿತ. ಯಾರೂ ತಿರುಗಿಯೂ ನೋಡಲಿಲ್ಲ.