ಕುಕ್ಕರುಗಾಲಲ್ಲಿ ಕೂತು ಆರಿಸಿದ ಹೆಲ್ಮೆಟ್

ಬಂಗಾರಪೇಟೆಯಲ್ಲಿ ವೆಂಕಿಯ ಗೇಟು, ಗ್ರಿಲ್ ಅಂಗಡಿಯಿದೆ. ಅಲ್ಲಿ ವೆಲ್ಡಿಂಗ್ ಮಾಡುವ ಇಂದ್ರಾಣಿಗೆ ವಯಸ್ಸು ನಲವತ್ತೈದು ದಾಟಿದೆ, ಹಟ ಮಾತ್ರ ಹದಿನಾರರದ್ದೇ. ಹತ್ತಿರದ ಚಿನ್ನದ ಗಣಿ ಕಾಲೊನಿ ಮೈಸೂರು ಮೈನ್ಸಿನಿಂದ ದಿನಾ ಬಸ್ಸು ಹಿಡಿದು ಬರುತ್ತಾಳೆ. ಹೆಂಗಸಿಗೆ ಯಾಕೆ ಈ ಬೆಂಕಿ ಕೆಲಸ ಎಂದವರ ಮನೆಗೇ ಗೇಟು ಮಾಡಿಕೊಟ್ಟು ಬಾಯಿ ಮುಚ್ಚಿಸಿದವಳು.

ಅಂಥವಳ ಬೆಸುಗೆ ಈಚೆಗೆ ಸೊಟ್ಟ ಹೋಗತೊಡಗಿತು. ಸಂದು ಎಲ್ಲಿದೆ, ಕರಗಿದ ಕಬ್ಬಿಣ ಎಲ್ಲಿ ನಿಂತಿದೆ, ಒಂದೂ ತಿಳಿಯದು. ಮುಖಕ್ಕೆ ಹಿಡಿಯುವ ಶೀಲ್ಡಿನ ಕಪ್ಪು ಗಾಜಿನದೇ ತಪ್ಪೆಂದು ಅದರ ಬದಲು ಕಡಿಮೆ ಕಪ್ಪಿನ ಗಾಜು ಹಾಕಿದಳು. ಅದೂ ಸಾಲದೆ ಶೀಲ್ಡ್ ಓರೆ ಮಾಡಿ ಇಣುಕಿದಳು. ಬೆಸುಗೆಯ ಬೆಳಕು ಬಡಿದು ಕಣ್ಣಿಗೆ ಮರಳು ಸುರಿದಂತಾಗಿ, ಉರಿ ತಣಿಯಲೆಂದು ಆಲೂಗಡ್ಡೆ ಬಿಲ್ಲೆ ಕಣ್ಣ ಮೇಲಿಟ್ಟುಕೊಂಡು ಒದ್ದಾಡಿದಳು.

"ಅಕ್ಕಾ, ಬೇಜಾರ್ ಮಾಡ್ಕೋಬೇಡ. ಇನ್ಮೇಲೆ ನೀನು ಪೇಂಟ್ ಒಡ್ಕೊಂಡಿರು," ಎಂದ ವೆಂಕಿ.

ಇಂದ್ರಾಣಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಒಂದು ವಾರ ಟೈಮ್ ಕೊಡು. ಆಮೇಲೂ ಸೊಟ್ಟ ಓದ್ರೆ ನಾನೇ ಬ್ರಷ್ ಇಡಿತೀನಿ."

ಕಣ್ಣಿನ ಡಾಕ್ಟರು ಗಾಜನ್ನು ಬಿಟ್ಟು ವಯಸ್ಸನ್ನು ದೂರಿದರು. ಮೇಲುಭಾಗದಲ್ಲಿ ದೂರದ್ದು, ಕೆಳಭಾಗದಲ್ಲಿ ಹತ್ತಿರದ್ದು ಕಾಣುವ ಕನ್ನಡಕ ಬಂತು. ಅದನ್ನು ಹಾಕಿಕೊಂಡೇ, ಮುಖ ಪೂರ್ತಿ ಮುಚ್ಚುವ ವೆಲ್ಡಿಂಗ್ ಹೆಲ್ಮೆಟ್ ಕೊಳ್ಳಲು ಕೋದಂಡಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋದಳು.

"ಕಿಡಿ ಹತ್ತಿದ್ರೆ ಇದರ ಗಾಜು ತಾನಾಗೇ ಕಪ್ಪಾಗ್ತದಮ್ಮ," ಎಂದು ಕೋದಂಡಪ್ಪ ಥಳಥಳಿಸುವ ಹೆಲ್ಮೆಟ್ ಕೊಟ್ಟು ಕನ್ನಡಿ ಹಿಡಿದ.

"ಕನ್ನಡಿ ಯಾಕಣ್ಣ? ನಾನೇನ್ ಮದುವೆಗೆ ಓಗ್ತೀನಾ?" ಎಂದವಳೇ ಅಂಗಡಿಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಗೇಟು ಬೆಸೆಯುವುದು ಹಾಗೆಯೇ, ತಲೆ ಬಗ್ಗಿಸಿ. ಗಿರಾಕಿಗಳು ನಕ್ಕರು, ಅವಳು ಕ್ಯಾರೇ ಎನ್ನಲಿಲ್ಲ. ಪೇಪರು ಹಾಸಿ ಸಣ್ಣಕ್ಷರ ನೋಡಿದಳು. ಹೆಲ್ಮೆಟ್ ಕನ್ನಡಕವನ್ನು ಮೂಗಿಗೆ ಒತ್ತುತ್ತಿತ್ತು. ತಲೆ ಬಗ್ಗಿಸಿದರೆ ನೋಟ ಕನ್ನಡಕದ ಮೇಲುಭಾಗಕ್ಕೆ ಬಿದ್ದು ಅಕ್ಷರ ಮಸುಕು, ಗದ್ದ ಎತ್ತಿದರಷ್ಟೇ ಸ್ಪಷ್ಟ. ದಿನವಿಡೀ ಗದ್ದ ಎತ್ತಿಕೊಂಡಿದ್ದರೆ ಕುತ್ತಿಗೆಯ ಗತಿ?

ಇದ್ದಬದ್ದ ಹೆಲ್ಮೆಟ್ಟುಗಳನ್ನೆಲ್ಲ ಇಳಿಸಿ ನೋಡಿದಳು. ಕೊನೆಗೆ ಒಳಗೆ ಕನ್ನಡಕಕ್ಕೆ ಜಾಗವಿರುವ, ಗಾಜು ಅಗಲವಿರುವ ಒಂದು ಸಿಕ್ಕಿತು. ಮಸುಕು ಮಾತ್ರ ಹೋಗಲಿಲ್ಲ. ಕಣ್ಣಿನಿಂದ ಪೇಪರಿನವರೆಗೆ ಅಳತೆಗೆ ದಾರ ಹಿಡಿದು ಕತ್ತರಿಸಿ, ಹೆಲ್ಮೆಟ್ಟಿನ ದುಡ್ಡು ಕೊಟ್ಟು, ನೇರ ಕನ್ನಡಕದ ಅಂಗಡಿಗೆ ನಡೆದಳು.

"ಇಷ್ಟು ದೂರದ್ದು ಕಾಣ್ಬೇಕು. ಗಾಜಿನ ತುಂಬಾ ಒಂದೇ ಪವರ್ ಆಕ್ಕೊಡಿ," ಎಂದು ದಾರ ಎಳೆದು ತೋರಿಸಿದಳು.

ವಾರದ ಕೊನೆಗೆ, ಹೊಸ ಕನ್ನಡಕದ ಮೇಲೆ ಹೆಲ್ಮೆಟ್ ಇಳಿಸಿ ಕಿಡಿ ಹತ್ತಿಸಿದಳು. ಕರಗಿದ ಕಬ್ಬಿಣ ಅಂಚಿನ ಸಮೇತ ಕಂಡಿತು. ಇಷ್ಟು ಕಾಲ ಬರೀ ಅಂದಾಜಿನಲ್ಲಿ ಬೆಸೆದಿದ್ದೆನಲ್ಲ ಎಂದು ಬೆಚ್ಚಿದಳು. ಮರುಗಳಿಗೆ ಖುಷಿ ಉಕ್ಕಿತು. ವೆಂಕಿ ಬೆಸುಗೆಯ ಮೇಲಿನ ಕರಿ ಪೊರೆ ಕುಟ್ಟಿ ತೆಗೆದು, ಬಗ್ಗಿ ನೋಡಿ, "ನೆಟ್ಟಗೆ ಬಂದದೆ ಕಣಕ್ಕ," ಎಂದ.

ಇಂದ್ರಾಣಿ ಎದ್ದು ಗೋಡೆಗೆ ಒರಗಿಸಿದ್ದ ಗೇಟಿನ ಹತ್ತಿರ ಹೋದಳು. ಹಿಂದಿನ ತಿಂಗಳು ಅವಳೇ ಮಾಡಿದ್ದು. ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಸೊಟ್ಟಗಳೆಲ್ಲ ಕಂಡು ಮುಖ ಬಿಗಿಯಿತು.

"ಇದನ್ನ ಕೆಳಗೆ ಆಕು."

"ಅಕ್ಕಾ, ಪೇಂಟ್ ಆಗೋಗದೆ! ಸಾಯಂಕಾಲ ಗಿರಾಕಿ ಬತ್ತಾನೆ!"

"ಬಂದ್ರೆ ಕೂತ್ಕಳ್ಲಿ. ಇಂಥದ್ದನ್ನ ಅವನ ಮನೆಗೆ ಓಗಕ್ಕೆ ನಾನು ಬಿಡಲ್ಲ. ಆ ಕಡೆ ತುದಿ ಇಡ್ಕೋ, ಎಲ್ಲಾ ತಿರ್ಗಾ ಬೆಸಿತೀನಿ."